ಇಟಾಲಿಯನ್ ಕ್ಲಾಸು ಟೈಂಪಾಸ್ ಅಲ್ಲ

ಊರಿನಿಂದ ಬರುವ ಫೋನುಗಳಲ್ಲಿ ಪ್ರಶ್ನೆಗಳಿಗೊಂದು ಕ್ರಮವಿರುತ್ತದೆ. ಮೊದಲು ಚಳಿ ಹೇಗಿದೆ ಅನ್ನುವುದು, ಆಮೇಲೆ ಅಕ್ಕಿ ಬೇಳೆ ಸಿಗುತ್ತದಾ ಅನ್ನುವುದು, ಆಮೇಲೆ ಮಗುವಿನ ಸ್ಕೂಲು, ಮಗನದೋ ಅಳಿಯನದೋ ಆಫೀಸು. ಎಲ್ಲ ಮುಗಿದು ಇನ್ನೇನು ಫೋನಿಡಬೇಕು ಅನ್ನುವಾಗ ಕೊನೆಯದು ಬರುತ್ತದೆ: "ಅವಳು ಇಡೀ ದಿನ ಏನ್ಮಾಡ್ತಾಳೆ?" ಹೊರದೇಶದಲ್ಲಿ ಸಂಸಾರ ಹೂಡಿದ ನಮ್ಮ ಮನೆಗಳಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿರುತ್ತದೆ. "ಇಲ್ಲೇ ಹತ್ತಿರದಲ್ಲಿ ಇಟಾಲಿಯನ್ ಕ್ಲಾಸಿಗೆ ಹೋಗ್ತಾಳೆ. ಟೈಂಪಾಸ್ ಆಗುತ್ತಲ್ಲ." ದೇಶ ಬದಲಾದರೆ ಭಾಷೆಯ ಹೆಸರು ಬದಲಾಗುತ್ತದೆ, ಜರ್ಮನ್ ಆಗುತ್ತದೆ, ಡಚ್ ಆಗುತ್ತದೆ. ಟೈಂಪಾಸ್ ಮಾತ್ರ ಎಲ್ಲ ಕಡೆಯೂ ಅದೇ.

ನನ್ನ ಜಗಳ ಆ ಪದದ ಜೊತೆಗೆ. ಬಸ್ಸು ಕಾಯುತ್ತಾ ಕಡಲೆಕಾಯಿ ತಿನ್ನುವುದು ಟೈಂಪಾಸ್. ಮೂವತ್ತು ದಾಟಿದ, ಊರಿನಲ್ಲಿ ನೌಕರಿ ಮಾಡಿದ, ಮನೆ ನಡೆಸಿದ, ನಾಲ್ಕು ಜನರ ನಡುವೆ ಗಟ್ಟಿಯಾಗಿ ಮಾತಾಡಬಲ್ಲ ಹೆಂಗಸೊಬ್ಬಳು ವಿಮಾನದಿಂದ ಇಳಿದ ದಿನವೇ ಮಾತು ಕಳೆದುಕೊಂಡು, ಅದನ್ನು ಮತ್ತೆ ಒಂದೊಂದೇ ಪದವಾಗಿ ಸಂಪಾದಿಸಲು ಚಳಿಯಲ್ಲಿ ಟ್ರಾಮು ಹತ್ತಿ ಹೋಗುವುದಕ್ಕೆ ಆ ಹೆಸರು ಸಲ್ಲದು. ನಾನು ಹೇಳಬೇಕೆಂದಿರುವುದು ಇಷ್ಟು: ಹೊರದೇಶದಲ್ಲಿ ಹೂಡುವ ಸಂಸಾರಕ್ಕೆ ಆ ಊರಿನ ಭಾಷೆಯ ತರಗತಿ ಬಾಡಿಗೆ ಕರಾರಿಗೆ ಸಹಿ ಹಾಕಿದ ಮರುದಿನವೇ ಆಗಬೇಕಾದ ಕೆಲಸ. ಸೋಫಾ, ಟಿವಿ, ಸೆಕೆಂಡ್ ಹ್ಯಾಂಡ್ ಕಾರು ಎಲ್ಲ ಅದರ ನಂತರ. "ಮಗು ಸ್ವಲ್ಪ ದೊಡ್ಡದಾಗಲಿ", "ಇವರ ಪ್ರಾಜೆಕ್ಟ್ ಮುಗೀಲಿ" ಎಂದು ಅದನ್ನು ಮುಂದೂಡುವ ಮನೆಗಳು ದೊಡ್ಡವಳೊಬ್ಬಳನ್ನು ಮಗುವಾಗಿಸುತ್ತಿವೆ, ಮಗುವೊಂದನ್ನು ಯಜಮಾನನಾಗಿಸುತ್ತಿವೆ.

ನಾವಿರುವುದು ಉತ್ತರ ಇಟಲಿಯ ಟೊರಿನೊದಲ್ಲಿ. ಇಂಗ್ಲಿಷಿನವರು ಟ್ಯೂರಿನ್ ಅನ್ನುವ ಊರು. ಫಿಯಟ್ ಕಾರು ಹುಟ್ಟಿದ ಊರು, ದೊಡ್ಡ ಪಾಲಿಟೆಕ್ನಿಕ್ ಇರುವ ಊರು. ಇಲ್ಲಿ ನನಗೆ ಪರಿಚಯವಿರುವ ಕನ್ನಡದವರಲ್ಲಿ ಎರಡು ಬಗೆ. ಓದಲು ಅಥವಾ ಎಂಜಿನಿಯರ್ ಕೆಲಸಕ್ಕೆ ಬಂದವರು ಒಂದು ಬಗೆ, ಅವರ ಹಿಂದೆ ಕುಟುಂಬದ ವೀಸಾದಲ್ಲಿ ಬಂದವರು ಇನ್ನೊಂದು. ಎರಡನೆಯ ಬಗೆಯಲ್ಲಿ ಬಹುತೇಕ ಹೆಂಗಸರೇ. ಅಮೆರಿಕಕ್ಕೆ ಹೋದ ಗೆಳತಿಯರಿಂದ ಎಚ್-4 ವೀಸಾದ ಕತೆ ಕೇಳಿದವರಿಗೆ ಒಂದು ವಿಷಯ ಹೇಳಬೇಕು. ಅಲ್ಲಿ ಗಂಡನ ಹಿಂದೆ ಹೋದವಳಿಗೆ ಸಾಮಾನ್ಯವಾಗಿ ಕೆಲಸ ಮಾಡುವ ಹಕ್ಕಿಲ್ಲ. 2015ರ ನಂತರ ಕೆಲವರಿಗೆ ಮಾತ್ರ ಅದು ಸಿಕ್ಕಿತು. ಇಟಲಿಯ ಕಾನೂನು ಬೇರೆ. ಕುಟುಂಬದ ಕಾರಣಕ್ಕೆ ಕೊಡುವ 'ಪೆರ್ಮೆಸ್ಸೊ ದಿ ಸೊಜ್ಜೊರ್ನೊ', ಅಂದರೆ ವಾಸದ ಪರವಾನಗಿ, ಕೈಗೆ ಬಂದರೆ ಸಂಬಳದ ಕೆಲಸವನ್ನೂ ಮಾಡಬಹುದು, ಸ್ವಂತ ವ್ಯವಹಾರವನ್ನೂ ಮಾಡಬಹುದು. ಕಾನೂನು ಬಾಗಿಲು ತೆರೆದಿಟ್ಟಿದೆ, ಆದರೆ ಬಾಗಿಲಾಚೆ ಇರುವವರೆಲ್ಲ ಇಟಾಲಿಯನ್ ಮಾತಾಡುತ್ತಾರೆ. ಎಂಕಾಂ, ಬಿಎಡ್ ಮಾಡಿಕೊಂಡು ಬಂದವರು ವರ್ಷಗಟ್ಟಲೆ ಮನೆಯಲ್ಲಿ ಕೂತರೆ ವೀಸಾದ ಮೇಲೆ ತಪ್ಪು ಹೊರಿಸುವ ಅನುಕೂಲ ಇಲ್ಲಿಲ್ಲ.

ಕೆಲಸದ ಮಾತು ಬಿಡಿ, ಮನೆಯನ್ನೇ ನೋಡಿ. ಇಲ್ಲಿ ಪ್ರೈಮರಿ ಶಾಲೆಯ ಗೇಟಿನಲ್ಲಿ ಮಗುವನ್ನು ಅಪ್ಪ ಅಮ್ಮನ ಕೈಗೇ ಕೊಡುತ್ತಾರೆ. ಪಕ್ಕದ ಮನೆಯವರು ಕರೆತರಬೇಕಾದರೆ 'ದೆಲೆಗಾ' ಎಂಬ ಒಪ್ಪಿಗೆಪತ್ರವನ್ನು ಮೊದಲೇ ಬರೆದುಕೊಟ್ಟಿರಬೇಕು. ಶಾಲೆಯಿಂದ ಸೂಚನೆಗಳು ಬರುತ್ತಿರುತ್ತವೆ: ನಾಡಿದ್ದು ಮುಷ್ಕರ, ಪಾಠ ನಡೆಯುವ ಖಾತ್ರಿಯಿಲ್ಲ. ಅದನ್ನು ಓದಲಾಗದ ತಾಯಿ ಮಗುವಿನ ಕೈ ಹಿಡಿದು ಮುಚ್ಚಿದ ಗೇಟಿನ ಮುಂದೆ ನಿಲ್ಲುತ್ತಾಳೆ. ಔಷಧದ ಡಬ್ಬಿಯೊಳಗೆ ಮಡಿಸಿಟ್ಟ ಕಾಗದಕ್ಕೆ ಇಟಾಲಿಯನ್ನರು ಆಡುಮಾತಿನಲ್ಲಿ 'ಬುಜಾರ್ದಿನೊ' ಅನ್ನುತ್ತಾರೆ, ಪುಟ್ಟ ಸುಳ್ಳುಗಾರ ಎಂದರ್ಥ. ಅದು ಹೇಳುವುದು ಸುಳ್ಳೋ ನಿಜವೋ ತಿಳಿಯಲು ಮೊದಲು ಓದಲು ಬರಬೇಕಲ್ಲ. ಮಗುವಿನ ಮೈ ಕೆಂಡವಾಗಿರುವ ರಾತ್ರಿ ಎರಡು ಗಂಟೆಗೆ, ಎಷ್ಟು ಎಂಎಲ್ ಕೊಡಬೇಕು ಎಂದು ಗಂಡನನ್ನು ಎಬ್ಬಿಸುವುದು, ಅವನು ಕಣ್ಣುಜ್ಜಿಕೊಂಡು ಫೋನಿನಲ್ಲಿ ಹುಡುಕುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದಿದೆ.

ಒಂದು ಕಚೇರಿಯಲ್ಲಿ ನನಗಾದ ಅನುಭವ ಹೇಳುತ್ತೇನೆ. ಅರ್ಜಿ ನನ್ನದು, ಫೋಟೋ ನನ್ನದು, ಬೆರಳಚ್ಚು ನನ್ನದು. ಗಾಜಿನಾಚೆ ಕೂತಿದ್ದವರು ಪ್ರಶ್ನೆಗಳನ್ನೆಲ್ಲ ಕೇಳಿದ್ದು ಮಾತ್ರ ನನ್ನ ಗಂಡನನ್ನು. ಈಕೆ ಹುಟ್ಟಿದ್ದು ಎಲ್ಲಿ, ಈಕೆ ಎಷ್ಟು ಓದಿದ್ದಾಳೆ, ಈಕೆ ಮೊದಲು ಕೆಲಸದಲ್ಲಿದ್ದಳಾ. ಅವನು ತನಗೆ ಬರುವ ಹರಕು ಮುರುಕು ಇಟಾಲಿಯನ್ನಿನಲ್ಲಿ ಉತ್ತರ ಕೊಟ್ಟ. ಬ್ಯಾಂಕಿನಲ್ಲಿ ನಾನು ದುಡಿದ ಒಂಬತ್ತು ವರ್ಷಗಳು ಅವನ ಬಾಯಲ್ಲಿ "ಸ್ವಲ್ಪ, ಬ್ಯಾಂಕು" ಆದವು. ಅವನನ್ನು ದೂರುವಂತಿಲ್ಲ, ಅವನ ಬಳಿ ಇದ್ದ ಪದಗಳೇ ಅಷ್ಟು. ಆದರೆ ನನ್ನ ಬದುಕು ಇನ್ನೊಬ್ಬರ ಪದಗಳ ಗಂಟಿನಲ್ಲಿ ಹಿಡಿಸುವಷ್ಟೇ ಆಗುವುದೆಂದರೆ ಏನು ಅನ್ನುವುದು ಆವತ್ತು ಕಣ್ಣಾರೆ ಕಂಡೆ.

ಗಂಡ ಒಳ್ಳೆಯವನಾಗಿದ್ದಾಗಲೇ ಹೀಗೆ. ಒಳ್ಳೆಯವನಲ್ಲದಿದ್ದರೆ? ಮನೆಯೊಳಗೆ ಹೊಡೆತ ತಿಂದವಳ ಬಾಗಿಲಿಗೆ ಪೊಲೀಸರು ಬಂದು ಏನಾಯಿತು ಎಂದು ಕೇಳುತ್ತಾರೆ ಅಂತಿಟ್ಟುಕೊಳ್ಳಿ. ಆ ಮನೆಯಲ್ಲಿ ಭಾಷೆ ಬರುವವನು ಹೊಡೆದವನೊಬ್ಬನೇ ಆಗಿದ್ದರೆ ಉತ್ತರ ಕೊಡುವವನು ಯಾರು? ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ಇಟಲಿಯಲ್ಲಿ 1522 ಎಂಬ ಸಹಾಯವಾಣಿ ಇದೆ. 1975ರ ಕಾನೂನಿನಿಂದ ಹುಟ್ಟಿದ 'ಕೊನ್ಸುಲ್ತೋರಿಯೊ' ಎಂಬ ಕುಟುಂಬ ಸಲಹಾ ಕೇಂದ್ರಗಳಿವೆ. ಅವು ಇವೆ ಎಂದು ತಿಳಿಯುವುದಕ್ಕೂ ಗೋಡೆಯ ಮೇಲಿನ ಪೋಸ್ಟರು ಓದಲು ಬರಬೇಕು. ಇಂಥದ್ದನ್ನು ಕಲಿಸುವ ತರಗತಿಗೆ ನಾವು ಟೈಂಪಾಸ್ ಅನ್ನುತ್ತಿದ್ದೇವೆ.

ಇದಕ್ಕೆಲ್ಲ ನಮ್ಮವರ ಬಳಿ ಉತ್ತರಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಇಂಗ್ಲಿಷ್ ಇದೆಯಲ್ಲ ಅನ್ನುವುದು. ಹೀಗನ್ನುವವರು ಸಾಮಾನ್ಯವಾಗಿ ದಿನಕ್ಕೆ ಒಂಬತ್ತು ಗಂಟೆ ಆಫೀಸಿನಲ್ಲಿರುವವರು. ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ನಿಜ. ಆದರೆ ಮೀಟಿಂಗಿಗೆ ಬರುವ ಇಟಲಿ ಬೇರೆ, ನಲ್ಲಿ ರಿಪೇರಿಗೆ ಬರುವ ಇಟಲಿ ಬೇರೆ. ಪೋರ್ತಾ ಪಲಾತ್ಸೊ ಸಂತೆಯಲ್ಲಿ ಸೊಪ್ಪು ಮಾರುವವರು, ಲಿಫ್ಟಿನಲ್ಲಿ ಸಿಗುವ ಎಂಬತ್ತರ ಅಜ್ಜಿ, ಹಸಿ ಕಸದ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕಂಡರೆ ಚೀಟಿ ಅಂಟಿಸುವ ಕಟ್ಟಡದ ಉಸ್ತುವಾರಿಯವರು, ಮಕ್ಕಳ ಡಾಕ್ಟರ ಸಹಾಯಕಿ, ಈ ಜಗತ್ತು ಪೂರ್ತಿಯಾಗಿ ಮನೆಯಲ್ಲಿರುವವಳ ಪಾಲಿಗೆ ಬರುತ್ತದೆ. ಇಂಗ್ಲಿಷ್ ನಡೆಯದ ಜಗತ್ತನ್ನೆಲ್ಲ ಹೆಂಡತಿಯ ತಲೆಗೆ ಕಟ್ಟಿ, ಇಂಗ್ಲಿಷ್ ಸಾಕು ಅನ್ನುವುದು ಯಾವ ನ್ಯಾಯ?

ಎರಡನೆಯದು, "ಇರೋದು ಎರಡು ವರ್ಷ, ಅಷ್ಟಕ್ಕೆ ಯಾಕೆ ರಗಳೆ." ಈ ಎರಡು ವರ್ಷಗಳು ರಬ್ಬರಿನವು. ಪರವಾನಗಿ ನವೀಕರಣವಾಗುತ್ತದೆ, ಪ್ರಾಜೆಕ್ಟು ಮುಂದುವರಿಯುತ್ತದೆ, ಮಗು ಒಂದನೇ ಕ್ಲಾಸಿಗೆ ಸೇರುತ್ತದೆ, "ಈ ವರ್ಷ ಒಂದು ಮುಗೀಲಿ" ಅನ್ನುತ್ತಲೇ ಐದು ವರ್ಷವಾಗುತ್ತದೆ. ಆಗ ದೀರ್ಘಾವಧಿ ಪರವಾನಗಿಗೆ ಎ2 ಮಟ್ಟದ ಇಟಾಲಿಯನ್ ಬೇಕು ಅನ್ನುವುದು ನೆನಪಾಗಿ ಓಡಾಟ ಶುರು. ಪೌರತ್ವ ಬೇಕೆಂದರೆ 2018ರಿಂದ ಬಿ1 ಮಟ್ಟ ಬೇಕು. ಸಮಯದ ಲೆಕ್ಕವನ್ನೇ ಹಾಕೋಣ. ವಯಸ್ಕರಿಗಾಗಿ ಸರ್ಕಾರವೇ ನಡೆಸುವ ಶಾಲೆಗಳು ಇಲ್ಲಿವೆ, 'ಚಿಪಿಯಾ' ಎಂದು ಕರೆಯುತ್ತಾರೆ. ಅಲ್ಲಿ ಎ1 ಕೋರ್ಸಿಗೆ 100 ಗಂಟೆ, ಎ2 ಕೋರ್ಸಿಗೆ 80 ಗಂಟೆ. ವಾರಕ್ಕೆ ಆರು ಗಂಟೆಯಂತೆ ಹೋದರೆ 180 ಗಂಟೆಗೆ 30 ವಾರ, ಅಂದರೆ ಒಂದು ಶಾಲಾ ವರ್ಷ ಸಾಕು. ನಿಜಕ್ಕೂ ಎರಡೇ ವರ್ಷ ಇರುವವರಿಗೂ ಒಂದು ಇಡೀ ವರ್ಷ ಮಾತಾಡಿಕೊಂಡು ಬದುಕಲು ಉಳಿಯುತ್ತದೆ.

ಕಾನೂನಿನದೂ ಒಂದು ಮಾತು ಇಲ್ಲಿ ಹೇಳಬೇಕು. ಹೊಸದಾಗಿ ಬಂದು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಪರವಾನಗಿ ಕೇಳುವವರು ಎರಡು ವರ್ಷದೊಳಗೆ ಎ2 ಮಟ್ಟದ ಆಡುಮಾತು ಕಲಿಯುತ್ತೇವೆ ಎಂದು 2012ರಿಂದ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು. ಆದರೆ ಕುಟುಂಬದ ಪರವಾನಗಿ ಇರುವವರು ಕಲಿಯದಿದ್ದರೆ ಅದೊಂದೇ ಕಾರಣಕ್ಕೆ ಅವರನ್ನು ಹೊರಗೆ ಕಳಿಸುವುದಿಲ್ಲ, ವಿನಾಯಿತಿ ಇದೆ. ವಿನಾಯಿತಿ ಸರಿಯಾದದ್ದೇ, ಭಾಷೆ ಬರಲಿಲ್ಲವೆಂದು ಸಂಸಾರ ಒಡೆಯಬಾರದು. ನಮ್ಮ ಮನೆಗಳು ಅದನ್ನು ಅರ್ಥ ಮಾಡಿಕೊಂಡ ರೀತಿ ನೋಡಿ: ಅವನಿಗೆ ಬೇಕು, ಅವಳಿಗೆ ಬೇಡದಿದ್ದರೂ ನಡೆಯುತ್ತದೆ.

ಮೂರನೆಯದು, ಫೋನಿದೆಯಲ್ಲ ಅನ್ನುವುದು. ಮೆನು ಓದಲು, ವಾಷಿಂಗ್ ಮೆಷಿನ್ನಿನ ಯಾವ ಗುಂಡಿ ಯಾವುದಕ್ಕೆ ಎಂದು ತಿಳಿಯಲು ಫೋನು ಸಾಕು. ಆದರೆ ಪಾರ್ಕಿನ ಬೆಂಚಿನಲ್ಲಿ ನಾಲ್ಕು ಜನ ತಾಯಂದಿರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾ ಹರಟುವಾಗ ಫೋನನ್ನು ಯಾರ ಬಾಯಿಗೆ ಹಿಡಿಯುತ್ತೀರಿ? ಹೆರಿಗೆ ಕೋಣೆಯಲ್ಲಿ ಸೂಲಗಿತ್ತಿ "ಈಗ ಬೇಡ, ತಡಿ" ಅನ್ನುವಾಗ ಫೋನು ಎಲ್ಲಿರುತ್ತದೆ? ದೊಡ್ಡ ಆಸ್ಪತ್ರೆಗಳಲ್ಲಿ ವಲಸಿಗರಿಗಾಗಿ ದುಭಾಷಿಗಳಿರುವುದುಂಟು. ಅರಬಿಯವರೋ ಚೀನಿಯವರೋ ಸಿಕ್ಕಾರು, ಅದೃಷ್ಟವಿದ್ದರೆ ಪಂಜಾಬಿಯವರೋ ಬಂಗಾಳಿಯವರೋ ಸಿಕ್ಕಾರು. ಕನ್ನಡದವರು ಬರಲಿ ಎಂದು ಕಾಯುತ್ತಾ ಕೂರುವಂತಿಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವಂಥದ್ದು: "ಮಗು ಕಲೀತಾ ಇದೆಯಲ್ಲ, ಅದೇ ಹೇಳುತ್ತೆ ಬಿಡಿ." ಮಕ್ಕಳು ಬೇಗ ಕಲಿಯುತ್ತವೆ, ಅದರಲ್ಲಿ ಅನುಮಾನವಿಲ್ಲ. ಅದಕ್ಕಾಗಿ ಏಳು ವರ್ಷದ ಹುಡುಗನನ್ನು ಡಾಕ್ಟರ ಹತ್ತಿರ ಕರೆದೊಯ್ದು ಅಮ್ಮನ ಹೊಟ್ಟೆನೋವಿನ ವಿವರವನ್ನು ಅವನ ಬಾಯಲ್ಲಿ ಹೇಳಿಸುವುದೇ? ಟೀಚರು ಅವನ ಮೇಲೆ ಹೇಳುವ ದೂರನ್ನು ಅವನೇ ಅನುವಾದಿಸಿ "ನಾನು ತುಂಬಾ ಜಾಣ ಅಂತಿದ್ದಾರೆ" ಎಂದು ಮುಗಿಸುವುದನ್ನು ನಾವು ಪಾರ್ಟಿಗಳಲ್ಲಿ ತಮಾಷೆಯಾಗಿ ಹೇಳಿಕೊಂಡು ನಗುತ್ತೇವೆ. ನಗುವ ವಿಷಯವಲ್ಲ ಅದು. ಅಪ್ಪ ಅಮ್ಮನಿಗೆ ಏನು ತಿಳಿಯಬೇಕು, ಏನು ತಿಳಿಯಬಾರದು ಎಂದು ತೀರ್ಮಾನಿಸುವ ಅಧಿಕಾರ ಮಗುವಿನ ಕೈಗೆ ಹೋಗಿದೆ. ಹದಿಮೂರಕ್ಕೆ ಬರುವ ಹೊತ್ತಿಗೆ ಅದೇ ಮಗು ಸ್ಕೂಲಿನ ಮೀಟಿಂಗಿಗೆ ಅಮ್ಮ ಬರುವುದು ಬೇಡ ಅನ್ನುತ್ತದೆ. ಆಗ ನಾವು ಇಟಲಿಯ ಸಂಸ್ಕೃತಿಯನ್ನು ಬೈಯುತ್ತೇವೆ.

ಐದನೆಯದು, "ಈ ವಯಸ್ಸಲ್ಲಿ ಹೊಸ ಭಾಷೆ ತಲೆಗೆ ಹತ್ತಲ್ಲ." ಇದಕ್ಕೆ ಉತ್ತರ ಕನ್ನಡದಲ್ಲೇ ಇದೆ. ಇಟಾಲಿಯನ್ನಿನಲ್ಲಿ ವ್ಯಂಜನವನ್ನು ಒತ್ತಿದರೆ ಅರ್ಥ ಬದಲಾಗುತ್ತದೆ: 'ಸೆತೆ' ಅಂದರೆ ಬಾಯಾರಿಕೆ, 'ಸೆತ್ತೆ' ಅಂದರೆ ಏಳು, 'ಕಾಸಾ' ಮನೆ, 'ಕಾಸ್ಸಾ' ಅಂಗಡಿಯಲ್ಲಿ ದುಡ್ಡು ಕಟ್ಟುವ ಜಾಗ. ಒತ್ತಕ್ಷರವಿಲ್ಲದ ಭಾಷೆಗಳವರು ಇಲ್ಲಿ ತಿಣುಕುತ್ತಾರೆ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಹಾಲುಹಲ್ಲಿನ ಕಾಲದಿಂದ ಗೊತ್ತಿರುವ ನಮಗೆ ಅದು ಪಾಠವೇ ಅಲ್ಲ. 'ಹೋಗುತ್ತೇನೆ' ಎಂದರೆ ಸಾಕು, ಮುಂದೆ 'ನಾನು' ಬೇಕಿಲ್ಲ. ಅಲ್ಲೂ 'ವಾದೊ' ಅಂದರೆ ಸಾಕು, ಕ್ರಿಯಾಪದದ ಬಾಲವೇ ಯಾರು ಅನ್ನುವುದನ್ನು ಹೇಳುತ್ತದೆ. 'ನನಗೆ ಕಾಫಿ ಇಷ್ಟ' ಅನ್ನುವ ನಮ್ಮ ವಾಕ್ಯದ ಹಾಗೆಯೇ ಇದೆ 'ಮಿ ಪ್ಯಾಚೆ ಇಲ್ ಕಫ್ಫೆ'. ಅಲ್ಲೂ ಕಾಫಿಯೇ ಕರ್ತೃ, ನಾವು ಚತುರ್ಥಿ. ಗೆಳತಿಗೆ 'ತು', ಹಿರಿಯರಿಗೆ 'ಲೇಯಿ' ಎಂದು ಮೇಡಂ ಹೇಳಿಕೊಟ್ಟಾಗ, ನೀನು ನೀವು ಎಂದು ಬೆಳೆದವರಿಗೆ ವಿವರಣೆ ಬೇಕಾಗುವುದಿಲ್ಲ. ಕಷ್ಟಗಳೂ ಇವೆ. ಮೇಜು ಗಂಡು, ಕುರ್ಚಿ ಹೆಣ್ಣು ಅಂದರೆ, ಜಡವಸ್ತುಗಳನ್ನೆಲ್ಲ 'ಅದು' ಎಂದು ಒಂದೇ ಮೂಟೆ ಕಟ್ಟಿ ನೆಮ್ಮದಿಯಾಗಿದ್ದ ಕನ್ನಡದ ತಲೆ ಕೆಲವು ದಿನ ಒಪ್ಪುವುದಿಲ್ಲ. ಶಾಲೆಯಲ್ಲಿ ಇದೇ ಕಾರಣಕ್ಕೆ ಹಿಂದಿಯನ್ನು ಬೈದಿದ್ದವರು ಇಲ್ಲೂ ಬೈದುಕೊಂಡು ಕಲಿಯಬಹುದು.

ವಯಸ್ಸಿನ ಮಾತಿಗೆ ಇಟಲಿಯ ಚರಿತ್ರೆಯೇ ಉತ್ತರ ಕೊಡುತ್ತದೆ. 1861ರಲ್ಲಿ ಇಟಲಿ ಒಂದು ದೇಶವಾದಾಗ ಇಟಾಲಿಯನ್ ಮಾತಾಡಬಲ್ಲವರು ಜನಸಂಖ್ಯೆಯಲ್ಲಿ ಶೇ. 2.5ರಷ್ಟು ಮಾತ್ರ ಎಂದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮಾವ್ರೊ 1963ರಲ್ಲಿ ಲೆಕ್ಕ ಹಾಕಿದರು. ಅದು ತೀರಾ ಕಡಿಮೆಯಾಯಿತು, ಶೇ. 10ರ ಹತ್ತಿರ ಇದ್ದೀತು ಎಂದು ವಾದಿಸಿದವರೂ ಇದ್ದಾರೆ. ಯಾವ ಲೆಕ್ಕ ಹಿಡಿದರೂ, ಇಟಲಿಯವರೇ ಬಹುಪಾಲು ಇಟಾಲಿಯನ್ ಕಲಿತು ಇಟಾಲಿಯನ್ನರಾದವರು. ಅವರ ಮನೆಮಾತು ಪೀಡ್‌ಮಾಂಟಿನದು, ನೇಪಲ್ಸಿನದು, ಸಿಸಿಲಿಯದು. 1960ರಿಂದ 1968ರವರೆಗೆ ಅಲ್ಬೆರ್ತೊ ಮಾಂತ್ಸಿ ಎಂಬ ಮೇಷ್ಟ್ರು ಸರ್ಕಾರಿ ಟಿವಿಯಲ್ಲಿ ದೊಡ್ಡವರಿಗೆ ಓದು ಬರಹ ಕಲಿಸಿದರು. 'ತಡವಾಯಿತು ಎಂಬುದೇ ಇಲ್ಲ' ಎಂಬರ್ಥದ ಹೆಸರು ಆ ಕಾರ್ಯಕ್ರಮಕ್ಕೆ. ಹೊಲದ ಕೆಲಸ ಮುಗಿಸಿದ ಅಜ್ಜಂದಿರು ಟಿವಿ ಇದ್ದ ಕಡೆ ಸೇರಿ ಅಕ್ಷರ ತಿದ್ದಿದ ದೇಶವಿದು.

ಟೊರಿನೊಗಂತೂ ಇದು ಮನೆಯ ಕತೆ. 1950, 60ರ ದಶಕಗಳಲ್ಲಿ ದಕ್ಷಿಣ ಇಟಲಿಯಿಂದ ಲಕ್ಷಾಂತರ ಜನ ಇಲ್ಲಿನ ಕಾರ್ಖಾನೆಗಳಿಗೆ ಬಂದರು. ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ ಎಂದು ಆಗ ಇಲ್ಲಿ ಬೋರ್ಡು ಹಾಕುತ್ತಿದ್ದರು. ಅದೇ ದೇಶದವರಾಗಿಯೂ ಅವರಿಗೆ ಈ ಊರಿನ ಮಾತು ತಿಳಿಯುತ್ತಿರಲಿಲ್ಲ. 1973ರಲ್ಲಿ ಲೋಹ ಕಾರ್ಖಾನೆಗಳ ಕಾರ್ಮಿಕರು ಹೋರಾಡಿ ತಮ್ಮ ವೇತನ ಒಪ್ಪಂದದಲ್ಲಿ ಸಂಬಳ ಸಹಿತ 150 ಗಂಟೆ ಓದುವ ಹಕ್ಕನ್ನು ಗೆದ್ದರು. ನೆನಪಿಡಿ, ಓದುವ ಸಮಯವನ್ನು ಅವರು ಸಂಬಳದ ಜೊತೆಗೆ ಒಂದೇ ಪಟ್ಟಿಯಲ್ಲಿ ಬರೆದು ಕೇಳಿದರು. ಸ್ವಲ್ಪ ವರ್ಷಕ್ಕೆ ಆ ತರಗತಿಗಳಿಗೆ ಗೃಹಿಣಿಯರೂ ಬಂದರು. ಮಿಲಾನಿನ ಅಫ್ಫೋರಿಯಲ್ಲಿ ಸ್ತ್ರೀವಾದಿ ಲೇಖಕಿ ಲೇಯಾ ಮೆಲಾಂದ್ರಿ ಕಲಿಸಿದ್ದು ಅಂಥ ಗೃಹಿಣಿಯರಿಗೆ. ನಾವು ಈಗ ಕೂತು ಕಲಿಯುವ ವಯಸ್ಕರ ಶಾಲೆಗಳ ಬೇರು ಆ 150 ಗಂಟೆಗಳಲ್ಲಿದೆ. ಅದಕ್ಕೂ ಮೊದಲು, 1967ರಲ್ಲಿ, ಟಸ್ಕನಿಯ ಬಾರ್ಬಿಯಾನಾ ಎಂಬ ಗುಡ್ಡದ ಹಳ್ಳಿಯಲ್ಲಿ ಪಾದ್ರಿ ಲೊರೆಂತ್ಸೊ ಮಿಲಾನಿಯ ಶಾಲೆಯ ಬಡ ಹುಡುಗರು ಸೇರಿ ಒಂದು ಪುಸ್ತಕ ಬರೆದಿದ್ದರು, ತಮ್ಮಂಥವರನ್ನು ಫೇಲು ಮಾಡಿದ ಮೇಡಂ ಒಬ್ಬರಿಗೆ ಪತ್ರದ ರೂಪದಲ್ಲಿ. ಮಾತು ಬಲ್ಲವನಿಗೂ ಬಾರದವನಿಗೂ ನಡುವಿನ ಅಂತರವೇ ದೊಡ್ಡ ಅಸಮಾನತೆ ಅನ್ನುವುದು ಅವರ ವಾದ. ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನೊಳಗೆ, ಗಂಡ ಹೆಂಡಿರ ನಡುವೆ ಆ ಅಂತರ ಎಷ್ಟಿದೆ ಎಂದು ಅಳೆದುಕೊಳ್ಳುವುದು ಒಳ್ಳೆಯದು.

ಕೊನೆಯ ಆಕ್ಷೇಪ ಸ್ವಲ್ಪ ಗೌರವಕ್ಕೆ ಅರ್ಹವಾದದ್ದು: ಅಮ್ಮನೂ ಇಟಾಲಿಯನ್ ಕಲಿತುಬಿಟ್ಟರೆ ಮನೆಯಲ್ಲಿ ಕನ್ನಡ ಉಳಿಯುತ್ತದಾ? ಅಮ್ಮನ ಅಜ್ಞಾನವನ್ನು ಬೇಲಿಯಾಗಿ ಕಟ್ಟಿ ಕನ್ನಡವನ್ನು ಕಾಯುವ ಈ ಉಪಾಯದ ಫಲ ತಿರುಗುಮುರುಗಾಗುವುದನ್ನು ನೋಡಿದ್ದೇನೆ. ಹೊರಗೆ ಕಾಲಿಟ್ಟ ಕೂಡಲೇ ಮೌನವಾಗುವ ಅಮ್ಮನನ್ನು ಕಂಡ ಮಗು, ಕನ್ನಡ ಅಂದರೆ ಬೇರೇನೂ ಬಾರದವರ ಭಾಷೆ ಎಂದು ತಿಳಿಯುತ್ತದೆ. ಡಾಕ್ಟರ ಹತ್ತಿರ ಇಟಾಲಿಯನ್ನಿನಲ್ಲಿ ವಾದ ಮಾಡಿ, ಮೆಟ್ಟಿಲಿಳಿಯುತ್ತಾ ತನ್ನೊಡನೆ ಕನ್ನಡಕ್ಕೆ ತಿರುಗುವ ಅಮ್ಮನ ಕನ್ನಡಕ್ಕೆ ಬೇರೆ ತೂಕವಿರುತ್ತದೆ. ನತಾಲಿಯಾ ಗಿಂಜ್‌ಬುರ್ಗ್ 1963ರಲ್ಲಿ ಪ್ರಕಟಿಸಿದ 'ಲೆಸ್ಸಿಕೊ ಫಮಿಲ್ಯಾರೆ' ಇದೇ ಟೊರಿನೊದ ಮನೆಯೊಂದರ ಮಾತುಗಳ ಕತೆ. ದೂರ ದೂರ ಚದುರಿದ ಅಣ್ಣ ತಂಗಿಯರನ್ನು ಒಂದಾಗಿಡುವುದು ಆ ಮನೆಯಲ್ಲಿ ದಿನವೂ ಆಡಿದ ಮಾತುಗಳು. ಮನೆಮಾತು ಉಳಿಯುವುದು ಹಾಗೆ, ಆಡುವುದರಿಂದ. ನಮ್ಮ ಕಡೆಯೇ ನೋಡಿ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆಯಿದ್ದವರು ಕನ್ನಡಕ್ಕೆ ಏನು ಕೊಟ್ಟರು ಎಂದು ಈ ಓದುಗರಿಗೆ ನಾನು ಹೇಳಬೇಕಿಲ್ಲ.

ಬೀದಿಯ ಭಾಷೆ ಎಂದ ಮೇಲೆ ಬೆಂಗಳೂರಿನ ಮಾತು ಬಂದೇ ಬರುತ್ತದೆ. ಹತ್ತು ವರ್ಷ ಬೆಂಗಳೂರಿನಲ್ಲಿದ್ದೂ "ಕನ್ನಡ ಗೊತ್ತಿಲ್ಲ" ಅನ್ನುವವರ ಮೇಲೆ ನಮಗಿರುವ ಸಿಟ್ಟು ನ್ಯಾಯವಾದದ್ದು. ಆಟೋದಲ್ಲಿ, ಬ್ಯಾಂಕಿನಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕನ್ನಡ ಕೇಳುವ ಹಕ್ಕು ನಮಗಿದೆ. ಆ ಬಗ್ಗೆ ವಾಟ್ಸಪ್ಪಿನಲ್ಲಿ ದಿನಕ್ಕೊಂದು ಸ್ಟೇಟಸ್ ಹಾಕುವವರು ನನ್ನ ಪರಿಚಯದಲ್ಲೇ ಇದ್ದಾರೆ, ಇದೇ ಟೊರಿನೊದಲ್ಲಿ. ಅವರು ಬಂದು ಎಂಟು ವರ್ಷವಾಯಿತು. ಕೆಳಗಿನ ಬೇಕರಿಯವರ ಜೊತೆ ಇನ್ನೂ ಇಂಗ್ಲಿಷಿನಲ್ಲೇ ಕೈ ಬಾಯಿ ತಿರುಗಿಸುತ್ತಾರೆ. ಬೆಂಗಳೂರಿಗೆ ಬಂದವರಿಗೆ ನಾವು ಕೇಳುವುದನ್ನು ನಾವು ಬಂದು ನೆಲೆಸಿದ ಊರು ನಮಗೆ ಕೇಳಿದರೆ ಅದು ರಗಳೆ ಹೇಗಾಗುತ್ತದೆ? ನೆಲದ ಭಾಷೆಗೆ ಕೊಡಬೇಕಾದ ಮರ್ಯಾದೆಯ ಬಗ್ಗೆ ನಾವು ಬಾಯಿ ಬಿಡಬೇಕಾದರೆ ಅದನ್ನು ಪೋರ್ತಾ ಪಲಾತ್ಸೊದಲ್ಲೂ ಕೊಡಬೇಕು.

ಸಾಹಿತ್ಯದ ಓದುಗರೊಂದಿಗೂ ನನಗೊಂದು ತಕರಾರಿದೆ. ಜುಂಪಾ ಲಾಹಿರಿ 2012ರಲ್ಲಿ ಸಂಸಾರದೊಂದಿಗೆ ರೋಮಿಗೆ ಹೋಗಿ ನೆಲೆಸಿ, 2015ರಲ್ಲಿ ಇಟಾಲಿಯನ್ನಿನಲ್ಲೇ ಪುಸ್ತಕ ಪ್ರಕಟಿಸಿದ್ದನ್ನು ನಾವೆಲ್ಲ ಮೆಚ್ಚಿ ಮಾತಾಡಿದ್ದೇವೆ. ಭಾಷೆಯ ಮೇಲಿನ ಪ್ರೇಮ, ಹೊಸ ಹುಟ್ಟು ಎಂದೆಲ್ಲ ಕರೆದಿದ್ದೇವೆ. ಆ ಮೆಚ್ಚುಗೆಗೆ ಅವರು ಪೂರ್ತಿ ಅರ್ಹರು. ಆದರೆ ಪೋ ನದಿಯ ಬಯಲಿನಲ್ಲಿ ಹಸುಗಳ ಕೊಟ್ಟಿಗೆಯಲ್ಲಿ ದುಡಿಯುವವನ ಪಂಜಾಬಿ ಹೆಂಡತಿ, ಸಂಜೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು 'ಅವೆರೆ', 'ಎಸ್ಸೆರೆ' ಎಂದು ಕ್ರಿಯಾಪದ ಬಾಯಿಪಾಠ ಮಾಡುವುದಕ್ಕೆ ನಮ್ಮಲ್ಲಿ ಯಾವ ಹೆಸರೂ ಇಲ್ಲ. ಆಯ್ಕೆಯಿಂದ ಕಲಿತದ್ದು ಪ್ರೇಮ, ಅಗತ್ಯದಿಂದ ಕಲಿತದ್ದು ಟೈಂಪಾಸ್ ಎಂದು ವಿಂಗಡಿಸಿದವರು ಯಾರು? ನನ್ನ ತರಗತಿಯಲ್ಲಿ ಮೊರಾಕೊದವರಿದ್ದಾರೆ, ಪೆರುವಿನವರಿದ್ದಾರೆ, ನೈಜೀರಿಯಾ, ಬಾಂಗ್ಲಾದೇಶದವರಿದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಕಾರಣ ಜಗಳ, ನಗು, ಅಡುಗೆಯ ವಿಧಾನ ಎಲ್ಲ ಇಟಾಲಿಯನ್ನಿನಲ್ಲೇ ಆಗಬೇಕು. ವಾಕ್ಯಗಳಿಗೆ ಕೈ ಕಾಲು ಸರಿಯಿರುವುದಿಲ್ಲ. ಆದರೂ ಅಲ್ಲಿ ಯಾರೂ ಇನ್ನೊಬ್ಬರ ಪರವಾಗಿ ಉತ್ತರ ಕೊಡುವುದಿಲ್ಲ.

ಆ ತರಗತಿಯ ಬೆಂಚುಗಳು ನವೆಂಬರಿನಲ್ಲಿ ತುಂಬಿದ್ದವು, ಫೆಬ್ರವರಿಗೆ ಅರ್ಧ ಖಾಲಿ. ಬಿಟ್ಟುಹೋದವರಲ್ಲಿ ವ್ಯಾಕರಣಕ್ಕೆ ಹೆದರಿ ಹೋದವರು ನನಗೆ ಕಾಣಲಿಲ್ಲ. ಗಂಡನಿಗೆ ರಾತ್ರಿ ಪಾಳಿ ಬಂತು, ಮಗುವಿಗೆ ಕೆಮ್ಮು ಬಂತು, ಊರಿನಿಂದ ಅತ್ತೆ ಬಂದರು. ಕ್ಲಾಸು ಟೈಂಪಾಸ್ ಅನ್ನುವ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಕ್ಲಾಸಿಗೇ. ಅವನ ಜಿಮ್ಮು, ಶನಿವಾರದ ಕ್ರಿಕೆಟ್ಟು ಹಾಗೆಯೇ ನಡೆಯುತ್ತಿರುತ್ತವೆ.

ಆದ್ದರಿಂದ ನಾನು ಕೇಳುತ್ತಿರುವುದು ಬಹಳ ಸಣ್ಣದು. ವಾರಕ್ಕೆ ಆರು ಗಂಟೆ. ಆ ಆರು ಗಂಟೆ ಮನೆಯ ಕ್ಯಾಲೆಂಡರಿನಲ್ಲಿ ಅವನ ಆಫೀಸು ಮೀಟಿಂಗಿನಷ್ಟೇ ಗಟ್ಟಿಯಾಗಿ ಇರಬೇಕು. ಆ ಹೊತ್ತು ಮಗುವಿಗೆ ಊಟ ಮಾಡಿಸಿ ಮಲಗಿಸುವುದು ಗಂಡನ ಕೆಲಸ. ಅವಳು ಬೆಳಗಿನ ತರಗತಿಗೆ ಹೋದರೆ ಅವನು ಸಂಜೆಯದಕ್ಕೆ ಹೋಗಲಿ. ಅವನಿಗೂ ಭಾಷೆ ಬೇಕು. ಚಿಕ್ಕ ಮಕ್ಕಳಿರುವ ತಾಯಂದಿರಿಗಾಗಿ, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿ ಪಾಠ ನಡೆಸುವ ಸಂಘಗಳೂ ಇಲ್ಲಿನ ಊರುಗಳಲ್ಲಿವೆ, ವಿಚಾರಿಸಿ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ನಾಳೆ ವೀಸಾ ಹಿಡಿದು ಹೊರಡುವವರಿದ್ದೀರಿ, ಮದುವೆಯಾಗಿ ಯಾರದೋ ಹಿಂದೆ ಹೊರಡುವವರೂ ಇದ್ದೀರಿ. ಸಂಬಳ ಎಷ್ಟು, ಮನೆ ಎಲ್ಲಿ ಎಂದು ಕೇಳುವಾಗ ಭಾಷೆಯ ತರಗತಿ ಎಲ್ಲಿ, ಯಾವ ಹೊತ್ತು, ಆಗ ಮಗುವನ್ನು ನೋಡಿಕೊಳ್ಳುವವರು ಯಾರು ಎಂದೂ ಕೇಳಿ. ಇಲ್ಲಿಗೆ ಆಗಲೇ ಬಂದವರಿಗೆ ಹೇಳುವುದಿಷ್ಟೇ: ಸೆಪ್ಟೆಂಬರಿನಲ್ಲಿ ದಾಖಲಾತಿ ಶುರುವಾಗುತ್ತದೆ. ಪಾಸ್‌ಪೋರ್ಟು, ಪರವಾನಗಿ ತೆಗೆದುಕೊಂಡು ಇಬ್ಬರೂ ಹೋಗಿ ಹೆಸರು ಬರೆಸಿ. ಸಾಲಿನಲ್ಲಿ ನಿಂತಾಗ ಹೆಸರು ಕೇಳಿದರೆ ಅವಳೇ ಹೇಳಲಿ.